ಕಟ್ಟಿ ಹಾಕಿದ ಮೇಲೆ ಬಿದ್ದ ಏಟು

ಮರ್ಫಿ ಟೌನ್, ಬೆಂಗಳೂರು
ಸೋಮವಾರ, 17 ನವೆಂಬರ್ 2025

ಪ್ರೀತಿಯ ಲಕ್ಷ್ಮಿದೇವಿ ಅಕ್ಕನಿಗೆ, ನಿಮ್ಮ ತಮ್ಮನ ಹೆಂಡತಿ ಗಂಗಾ ಮಾಡುವ ನಮಸ್ಕಾರಗಳು.

ಫೋನ್ ಮಾಡಿದಾಗಲೆಲ್ಲ ನಿಮ್ಮ ಯಜಮಾನರು ಭಗವಂತರಾಯಣ್ಣನೇ ಎತ್ತುತ್ತಾರೆ. ನೀವು ಸ್ನಾನಕ್ಕೆ ಹೋಗಿದ್ದೀರಿ, ಗುಡಿಗೆ ಹೋಗಿದ್ದೀರಿ ಅನ್ನುತ್ತಾರೆ. ಅದಕ್ಕೇ ಈ ಕಾಗದ. ನಮ್ಮ ಮನೆ ಓನರಮ್ಮ ಪಿಳ್ಳಮ್ಮ ನಾಳೆ ಕೆ.ಆರ್. ಪುರದ ಸಂತೆಗೆ ಬರುತ್ತಾರೆ. ನಿಮ್ಮ ಕೈಗಲ್ಲದೆ ಬೇರೆ ಯಾರ ಕೈಗೂ ಕೊಡಬೇಡಿ ಎಂದು ಹೇಳಿದ್ದೇನೆ.

ನೀವು ಕಾಯುತ್ತಿರುವ ಸುದ್ದಿಯನ್ನು ಮೊದಲು ಹೇಳುತ್ತೇನೆ. ಇವರಿಗೆ ಎಚ್ಚರ ಬಂದಿದೆ. ಎಡಗೈ ಇನ್ನೂ ಏಳುತ್ತಿಲ್ಲ. ತಲೆಯ ಬಲಗಡೆ ಬೋಳಿಸಿ, ಬುರುಡೆ ಕೊರೆದು, ಒಳಗೆ ಹೆಪ್ಪುಗಟ್ಟಿದ್ದ ರಕ್ತ ತೆಗೆದಿದ್ದಾರೆ. ಕಣ್ಣು ಬಿಟ್ಟವರು ನನ್ನನ್ನು ಕೇಳಲಿಲ್ಲ, ಮಗಳು ತೇಜಶ್ರೀಯನ್ನೂ ಕೇಳಲಿಲ್ಲ. "ಅಕ್ಕ ಉಂಡ್ಳಾ?" ಅಂದರು. ನಾನು ಹೂಂ ಅಂದೆ. ಮತ್ತೆ ಮಲಗಿದರು.

ಮಗಳ ಹೆಗಲಿನ ಎಲುಬು ಕೂಡುತ್ತಿದೆ. ಕೈಯನ್ನು ಜೋಳಿಗೆಗೆ ಹಾಕಿಕೊಂಡೇ ಶಾಲೆಗೆ ಹೋಗುತ್ತಿದ್ದಾಳೆ. ಅಪ್ಪ ಹೇಗಿದ್ದಾನೆ ಎಂದು ಒಮ್ಮೆಯೂ ಕೇಳಿಲ್ಲ. ನಾನೂ ಒತ್ತಾಯ ಮಾಡಿಲ್ಲ.

ಅಕ್ಕಾ, ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅದನ್ನು ಬಚ್ಚಿಟ್ಟುಕೊಂಡು ಬರೆದರೆ ಈ ಕಾಗದ ಸುಳ್ಳಾಗುತ್ತದೆ. ಆದರೆ ತಾಯಿ ಸತ್ತ ಮೇಲೆ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ನೀವು ಎನ್ನುವುದನ್ನೂ ಮರೆತಿಲ್ಲ.

ಗಣೇಶನ ಹಬ್ಬ ಮುಗಿದ ಮೇಲೆ ಇವರ ಕೈ ನಡುಗುವುದು ಜಾಸ್ತಿಯಾಯಿತು. ವೆಲ್ಡಿಂಗ್ ಗೆರೆ ನೇರ ಬರುತ್ತಿಲ್ಲ, ಗಿರಾಕಿಗಳು ಗೇಟು ವಾಪಸ್ ಕಳಿಸುತ್ತಿದ್ದಾರೆ ಎಂದು ಭಗವಂತರಾಯಣ್ಣ ತಮ್ಮ ಶಾಪಿನಲ್ಲಿ ಎಲ್ಲರೆದುರು ಇವರನ್ನು ಬೈದರಂತೆ. ನಾನು ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಶೀಬಾ ಮೆದುಳಿನ ಸ್ಕ್ಯಾನ್ ಬರೆದರು. ಆ ಕೊಳವೆಯೊಳಗೆ ಮಲಗಿಸಿದಾಗ ಇವರು ನನ್ನ ಕೈಬೆರಳನ್ನು ಬಿಡಲೇ ಇಲ್ಲ ಎಂದು ಬರೆಯಬೇಕೆನಿಸುತ್ತದೆ, ಆದರೆ ನಿಜ ಅದಲ್ಲ. ಒಳಗೆ ನನ್ನನ್ನು ಬಿಡಲಿಲ್ಲ. ಹೊರಗೆ ಕೂತು ಆ ಮಷಿನ್ನಿನ ಬಡಿತ ಕೇಳುತ್ತಿದ್ದೆ.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಡಾಕ್ಟರ್ ಸಮಾಧಾನವಾಗಿ ತಿಳಿಸಿ ಹೇಳಿದರು. ಗೆಡ್ಡೆಯಿದ್ದರೆ, ರಕ್ತ ಸೋರಿದ್ದರೆ ಚಿತ್ರದಲ್ಲಿ ಕಾಣುತ್ತದೆ, ಅದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ತೆಗೆಸಿದ್ದು; ಇವರಿಗೆ ಕೇಳಿಸುವ ದನಿಗಳು ಯಾವ ಚಿತ್ರದಲ್ಲೂ ಕಾಣುವುದಿಲ್ಲ; ನಡುಕ ಆ ದನಿಗಳಿಗೆ ಕೊಟ್ಟ ಮಾತ್ರೆಯದೇ, ಪ್ರಮಾಣ ಸ್ವಲ್ಪ ಇಳಿಸೋಣ, ಆದರೆ ಪೂರ್ತಿ ನಿಲ್ಲಿಸಬೇಡಿ ಎಂದರು. ಇದೇ ಮಾತನ್ನು ನಿಮ್ಮ ಮನೆಯ ಜಗಲಿಯಲ್ಲಿ ಕೂತು ನಾನು ಒಂದಕ್ಷರ ಬಿಡದೆ ಹೇಳಿದೆ. ಅಣ್ಣ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು.

"ತಲ್ಯಾಗ ಏನೂ ಇಲ್ಲ. ಇಲ್ಲದ ಬ್ಯಾನಿಗಿ ಯಾಕ ಔಷಧ?" ಅಂದರು.

ನೀವು ಮಾತ್ರೆಗಳನ್ನೆಲ್ಲ ತೆಗೆದು ನಿಮ್ಮ ಚೀಲಕ್ಕೆ ಹಾಕಿಕೊಂಡಿರಿ. ಮಾತ್ರೆ ತಿಂದು ತಿಂದು ಹುಡುಗ ಕಲ್ಲಿನಂಗ ಆಗ್ಯಾನ, ಜೊಲ್ಲು ಸುರಿಸ್ತಾನ, ನಗೂದು ಮರೆತಾನ ಎಂದು ಅತ್ತಿರಿ. ಅದು ಸುಳ್ಳಾಗಿರಲಿಲ್ಲ. ಕೆಲವು ದಿನ ನಿಮ್ಮ ಮಾತೇ ಗೆದ್ದಿತು. ಕೈ ನಡುಕ ನಿಂತಿತು. ಮಗಳನ್ನು ಹಲಸೂರು ಕೆರೆಗೆ ಕರೆದುಕೊಂಡು ಹೋಗಿ ಬಾತುಕೋಳಿ ತೋರಿಸಿ ಬಂದರು. ದೀಪಾವಳಿಗೆ ನಿಮ್ಮ ಮನೆಯಲ್ಲಿ ಎಲ್ಲರನ್ನೂ ನಗಿಸಿದರು. ಆ ನಗು ನೋಡಿ ನಾನೂ ಸುಮ್ಮನಾದೆ.

ಆಮೇಲೆ ನಲ್ಲಿ ನೀರು ಕುಡಿಯುವುದು ಬಿಟ್ಟರು. ಗೋಡೆಗೆ ಕಿವಿಯಿಟ್ಟು ನಿಲ್ಲತೊಡಗಿದರು. ಆ ಭಾನುವಾರ ನೀವಿಬ್ಬರೂ ಊಟಕ್ಕೆ ಬಂದಾಗ ಇದನ್ನೇ ನಿಮ್ಮ ಕಿವಿಯಲ್ಲಿ ಹೇಳಬೇಕೆಂದಿದ್ದೆ. ರೊಟ್ಟಿ ಬಡಿಯುತ್ತಾ ಕೂತಿದ್ದೆ. ಇವರು ಹಿಂದಿನಿಂದ ಬಂದು ಜಡೆ ಹಿಡಿದರು.

"ಗ್ವಾಡ್ಯಾಗ ಕುಂತು ನನ್ನ ಬೈಲಾಕತ್ತೀದಿ. ಹೊರಗ ಬಾ."

ಎದುರಿಗೇ ಇದ್ದೇನೆ ಅಂದೆ. ಅವರಿಗೆ ನಾನು ಕಾಣಿಸಲಿಲ್ಲ. ನನ್ನ ಹಣೆಯನ್ನು ಗೋಡೆಗೆ ಜಜ್ಜಿದರು, ಮತ್ತೆ ಜಜ್ಜಿದರು. ಗೋಡೆಯೊಳಗಿನ ಗಂಗಾಳನ್ನು ಹೊರಗೆ ತೆಗೆಯಲು ನನ್ನನ್ನೇ ಸುತ್ತಿಗೆ ಮಾಡಿಕೊಂಡರು. ಕೆಳಗೆ ಕೆಡವಿ ಕತ್ತು ಹಿಚುಕಿದಾಗ ತೇಜಶ್ರೀ ಅವರ ಮುಂಗೈ ಕಚ್ಚಿದಳು. ಅವಳನ್ನು ಎತ್ತಿ ಒಗೆದರು. ಹೊಸ್ತಿಲಿಗೆ ಅವಳ ಭುಜ ಬಡಿದ ಸದ್ದು ನನ್ನ ಉಸಿರು ಕಟ್ಟಿದ್ದಾಗಲೂ ಕೇಳಿಸಿತು. ಬಿಡಿಸಲು ಬಂದ ಅಣ್ಣನ ಬಾಯಿಗೆ ಹೊಡೆದರು. ತುಟಿ ಒಡೆಯಿತು. ಅಷ್ಟರಲ್ಲಿ ಪಕ್ಕದ ಮನೆಯ ಅಫ್ಜಲ್ ಓಡಿ ಬಂದು ಕೈಗಳನ್ನು ಹಿಂದಕ್ಕೆ ತಿರುವಿದ. ನೀವು ಕಾಲು ಹಿಡಿದಿರಿ. ಹೊರಗೆಳೆದು ತಂದು ನನ್ನ ಸೀರೆಯಿಂದಲೇ ಮೆಟ್ಟಿಲ ಕಂಬಿಗೆ ಕಟ್ಟಿದೆವು. ಕಟ್ಟಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಕಟ್ಟದಿದ್ದರೆ ನಾನು ಇವತ್ತು ಇರುತ್ತಿರಲಿಲ್ಲ.

ಕಟ್ಟಿದ ಮೇಲೆ ಅವರು ಮೆತ್ತಗಾದರು. ಅಳತೊಡಗಿದರು. ಅಫ್ಜಲ್ ತೇಜಶ್ರೀಯನ್ನು ಎತ್ತಿಕೊಂಡು ಆಟೋ ಹುಡುಕಲು ಓಡಿದ. ಮೆಟ್ಟಿಲ ಹತ್ತಿರ ಉಳಿದವರು ನಾವು ಮೂವರು ಮತ್ತು ಇವರು. ಬೀದಿಯವರು ಗೇಟಿನಾಚೆ ನಿಂತಿದ್ದರು. ಅಣ್ಣ ತುಟಿ ಒರೆಸಿಕೊಂಡರು, ಬೆರಳಿಗೆ ಹತ್ತಿದ ರಕ್ತ ನೋಡಿದರು, ಕೆಳಗೆ ಹೋಗಿ ನೀರಿನ ಪೈಪಿನ ತುಂಡು ತಂದರು. ಅವಸರದಲ್ಲಿ ತರಲಿಲ್ಲ. ಮೊದಲು ಮೊಣಕಾಲಿಗೆ ಹೊಡೆದರು. "ಮಂದೀ ಮುಂದ ನನ್ನ ಮ್ಯಾಲ ಕೈ ಮಾಡ್ತೀ?" ಎಂದು ಪಕ್ಕೆಗೆ ಹೊಡೆದರು. ನಾನು ತೆವಳಿಕೊಂಡು ಹೋಗಿ ಇವರ ಮೇಲೆ ಬಿದ್ದೆ. ನನ್ನನ್ನು ಕಾಲಿನಿಂದ ಸರಿಸಿ ತಲೆಗೆ ಹೊಡೆದರು. ಆಗ ನೀವು ಗೋಡೆಗೆ ಆತುಕೊಂಡು ನಿಂತಿದ್ದಿರಿ. ಸೆರಗು ಬಾಯಿಗೆ ತುರುಕಿಕೊಂಡಿದ್ದಿರಿ. ಇವರು ಅರಚಲಿಲ್ಲ ಅಕ್ಕಾ. ನಿಮ್ಮ ಕಡೆಗೆ ನೋಡಿದರು, ಆಮೇಲೆ ಕತ್ತು ವಾಲಿತು.

ಆಸ್ಪತ್ರೆಗೆ ಹೋಗುವಾಗ ಆಟೋದಲ್ಲೇ ಅಣ್ಣ ಹೇಳಿದರು, ಮೆಟ್ಟಿಲಿಂದ ಬಿದ್ದ ಎಂದು ಎಲ್ಲರೂ ಹೇಳಬೇಕು ಎಂದು. ತುರ್ತು ಚಿಕಿತ್ಸೆಯಲ್ಲಿ ಮತ್ತೆ ತಲೆಯ ಸ್ಕ್ಯಾನ್ ಮಾಡಿದರು. ಈ ಸಲ ಬುರುಡೆಯ ಒಳಗೋಡೆಗೆ ಅಂಟಿದಂತೆ ಬಿಳಿಯ ಕುಡುಗೋಲಿನಂಥದ್ದು ಕಾಣಿಸಿತು. ಅದು ರಕ್ತ, ಅದು ಮೆದುಳನ್ನು ಒತ್ತುತ್ತಿದೆ ಎಂದರು. ಇದು ಅವರ ಹುಚ್ಚಿನದಾ ಎಂದು ಕೇಳಿದೆ. ಇಲ್ಲಮ್ಮ, ಇದು ಏಟಿನದು ಎಂದರು. ಹುಚ್ಚಿಗೆ ಚಿತ್ರದಲ್ಲಿ ಗುರುತಿರಲಿಲ್ಲ, ಅಣ್ಣನ ಏಟಿಗೆ ಇತ್ತು.

ಪೊಲೀಸರಿಗೆ ಅಣ್ಣ ಬಿದ್ದ ಕಥೆಯನ್ನೇ ಹೇಳಿದ್ದಾರೆ. ನಾನು ನಡೆದದ್ದನ್ನು ಹೇಳಿದ್ದೇನೆ. ಬೀದಿಯವರಿಗೆ ಏನೂ ಕಂಡಿಲ್ಲವಂತೆ. ಅಫ್ಜಲ್ ತಾನು ನೋಡಿದಷ್ಟನ್ನು ಹೇಳಿದ, ಹೊಡೆದದ್ದನ್ನು ಅವನು ನೋಡಿಲ್ಲ. ಹುಚ್ಚನ ಹೆಂಡತಿ, ಅವಳ ತಲೆಗೂ ಪೆಟ್ಟಾಗಿದೆ, ಅವಳ ಮಾತು ಏನು ನಂಬುತ್ತೀರಿ ಎಂದು ಅಣ್ಣ ನನ್ನೆದುರಿಗೇ ಅವರನ್ನು ಕೇಳಿದರು. ಬುಧವಾರ ಪೊಲೀಸರು ನಿಮ್ಮನ್ನು ಕರೆಸುತ್ತಾರೆ. ನೋಡಿದ್ದನ್ನು ಹೇಳಬಲ್ಲವರು ನಾನು ಬಿಟ್ಟರೆ ನೀವೊಬ್ಬರೇ.

ಇವರು ನನ್ನನ್ನೂ ಮಗಳನ್ನೂ ಕೊಲ್ಲಲು ಬಂದದ್ದು ನಿಜ. ಅದನ್ನೂ ಹೇಳಿದ್ದೇನೆ, ಒಂದಿಷ್ಟೂ ಮುಚ್ಚಿಟ್ಟಿಲ್ಲ. ಈಗ ಮಾತ್ರೆ ಮತ್ತೆ ಶುರುವಾಗಿದೆ. ಮಗಳು ಹೂಂ ಅನ್ನುವವರೆಗೆ ಇವರು ಈ ಮನೆಗೆ ಬರುವುದಿಲ್ಲ, ಡಾಕ್ಟರ್ ಶೀಬಾ ಬೇರೆ ಕಡೆ ಇರಿಸಲು ವ್ಯವಸ್ಥೆ ಮಾಡುತ್ತಿದ್ದಾರೆ. ನಾನು ದಿನಾ ಹೋಗಿ ಊಟ ಮಾಡಿಸಿ ಬರುತ್ತೇನೆ. ಹತ್ತಿರ ಕೂರುವಾಗ ಈಗಲೂ ನನ್ನ ಕೈ ಕತ್ತಿಗೆ ಹೋಗುತ್ತದೆ. ಹಾಗಂತ ಕಟ್ಟಿ ಹಾಕಿದ ಮನುಷ್ಯನ ತಲೆ ಒಡೆದದ್ದನ್ನು ಜಾರಿ ಬಿದ್ದದ್ದು ಅನ್ನಲಾರೆ. ನೀವೂ ಅನ್ನಬೇಡಿ.

ನಿಮ್ಮ ತಮ್ಮನ ಹೆಂಡತಿಯಾಗಿ ಅಲ್ಲ, ನೀವೇ ಕೈ ಹಿಡಿದು ಈ ಊರಿಗೆ ಕರೆತಂದವಳಾಗಿ ಕೇಳುತ್ತಿದ್ದೇನೆ,
ಗಂಗಾ

ಇನ್ನೊಂದು ಮಾತು: ಇದನ್ನು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ದೀಪಾವಳಿಯ ದಿನ ನಿಮ್ಮ ಬೆನ್ನಿಗೆ ಎಣ್ಣೆ ಹಚ್ಚಿದವಳು ನಾನು. ಬಚ್ಚಲಲ್ಲಿ ಜಾರಿದೆ ಅಂದಿರಿ. ಬಚ್ಚಲಲ್ಲಿ ಜಾರಿದವರ ಬೆನ್ನ ಮೇಲೆ ಬೆಲ್ಟಿನ ಬಕಲು ಮೂಡುವುದಿಲ್ಲ ಅಕ್ಕಾ. ಹಳೆಯವೂ ಇದ್ದವು, ಹೊಸವೂ ಇದ್ದವು. ಭಗವಂತರಾಯಣ್ಣನಿಗೆ ಯಾವ ದನಿಯೂ ಕೇಳಿಸುವುದಿಲ್ಲ, ಯಾವ ಮಾತ್ರೆಯೂ ತಪ್ಪಿಲ್ಲ. ನಿಜ ಹೇಳಿ ಆ ಮನೆಗೆ ವಾಪಸ್ ಹೋಗುವುದು ಹೇಗೆ ಎಂಬ ಭಯದಿಂದ ಸುಮ್ಮನಿದ್ದರೆ, ಹೋಗಬೇಡಿ. ಇಲ್ಲಿಗೆ ಬನ್ನಿ. ಉಟ್ಟ ಸೀರೆಯಲ್ಲೇ ಬನ್ನಿ, ಇಲ್ಲಿ ನನ್ನವು ಇವೆ.