ಕುದಿಸದೇ ನೋಡಿ, ಯಮುನಾ ತಳಗೇರಿಯವರೇ

ಕಾರವಾರದ ತೇಲುಕೇರಿ,
ಫೆಬ್ರವರಿ 30, 2419

ಮಾನ್ಯ ಯಮುನಾ ತಳಗೇರಿಯವರಿಗೆ ಚಂಪಕಾ ಹರಿಕಂತ್ರಳ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ದಿನಗಳು ಹಬ್ಬಕ್ಕೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಬರವಣಿಗೆ ಓದಿ ಓದಿ ಕಲಿತದ್ದು. ಈ ಪತ್ರ ಹಿಂದೋಲೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಓಲೆ ಕಳಿಸಲು ಅವಕಾಶ. ನನ್ನದನ್ನು ನಿಮಗೇ ಕಳಿಸುತ್ತಿದ್ದೇನೆ, ಖುಷಿಗೆ ಮಾತೇ ತಡವರಿಸುತ್ತಿದೆ.

ನನ್ನ ತಂಗಿ ಮೇದಿನಿ ದೋಣಿ ನಡೆಸುವವಳು. ಇಲ್ಲಿ ಸಮುದ್ರ ಊರೊಳಗೇ ಬಂದು ಕೂತಿರುವುದರಿಂದ ಸಂತೆಗೆ, ಶಾಲೆಗೆ, ಮದುವೆಗೆ ಎಲ್ಲಕ್ಕೂ ದೋಣಿಯೇ. ಕಳೆದ ಮಳೆಗಾಲದಿಂದ ಅವಳ ಬೆರಳುಗಳು ಜೋಮು ಹಿಡಿದು ಚುಕ್ಕಾಣಿ ಕೈಜಾರತೊಡಗಿತು. ನರದಲ್ಲೂ ರಕ್ತದಲ್ಲೂ ಇರುವ ಒಂದು ಪ್ರೋಟೀನಿಗೆ ಕೊಬ್ಬಿನ ಸಣ್ಣ ಬಾಲ ಅಂಟಿರಬೇಕು. ಅದಿದ್ದರೇ ಆ ಪ್ರೋಟೀನು ಜೀವಕೋಶದ ಪೊರೆಯನ್ನು ಹಿಡಿದು ನಿಲ್ಲುವುದು. ತಂಗಿಗೆ ಆ ಬಾಲವೇ ಇಲ್ಲವೆಂದು ನನ್ನ ಅನುಮಾನ. ಮದ್ದೇನೋ ಇದೆ, ಆದರೆ ಬಾಲ ಸರಿಯಿರುವವರಿಗೆ ಕೊಟ್ಟರೆ ಅದೇ ವಿಷ. ಪುರಾವೆಯಿಲ್ಲದೆ ವೈದ್ಯರು ಜಪ್ಪಯ್ಯ ಅಂದರೂ ಕೊಡಲಿಲ್ಲ. ಪ್ರೋಟೀನನ್ನು ಅಕ್ಷರ ಅಕ್ಷರವಾಗಿ ಓದುವ ನಮ್ಮ ಕಣಗನ್ನಡಿ ಯಂತ್ರಕ್ಕೆ ಈ ಕೊಬ್ಬು ಮಾತ್ರ ಕಾಣದು.

ಹಿಂದಿನವರು ಹೆಪ್ಪುಗಟ್ಟಿಸಿ ಇಟ್ಟ ವಸ್ತುಗಳ ಉಗ್ರಾಣ, ನಮ್ಮ ಹಿಮಕೋಠಿ. ಅದನ್ನು ಜಾಲಾಡಿದಾಗ ನಿಮ್ಮ ಸೀಸೆ ಸಿಕ್ಕಿತು. ಕೊಬ್ಬಿನ ಬಾಲವಿರುವ ಪ್ರೋಟೀನನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯ! ಮೇಲೆ ನಿಮ್ಮ ಹೆಸರು, ಜೊತೆಗೆ 'ಕೆಲಸ ಮಾಡುತ್ತಿಲ್ಲ' ಎಂಬ ಚೀಟಿ. ನಾನೂ ಪ್ರಯತ್ನಿಸಿದೆ. ಪ್ರತಿಕಾಯ ಅಂಟಿದರೆ ಪರೀಕ್ಷೆಯ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಮೂಡಬೇಕು. ಮೇದಿನಿಯ ರಕ್ತದಲ್ಲಿ ಗೆರೆ ಮೂಡಲಿಲ್ಲ, ಗಟ್ಟಿಮುಟ್ಟಾಗಿರುವ ನನ್ನದರಲ್ಲೂ ಮೂಡಲಿಲ್ಲ. ತಲೆ ಕೆಟ್ಟು ಹೋಯಿತು.

ನಮ್ಮಲ್ಲೊಂದು ಕಟ್ಟಳೆಯಿದೆ. ಮಹಾಜ್ವರದ ಕಾಲದಿಂದ, ಮೈಯಿಂದ ತೆಗೆದ ಯಾವುದನ್ನೂ ಕುದಿಸದೆ ಪ್ರಯೋಗಶಾಲೆಯಲ್ಲಿ ಮುಟ್ಟುವಂತಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬರುವಷ್ಟೇ ಸಹಜವಾಗಿ ಕುದಿಸುತ್ತೇವೆ. ಮತ್ತೊಮ್ಮೆ ಕುದಿಯಲಿಟ್ಟು ಸಪ್ಪೆ ಮೋರೆಯಲ್ಲಿ ಕೂತಿದ್ದ ನನ್ನನ್ನು ಮೇದಿನಿ ಕೀಟಲೆ ಮಾಡಿದಳು.

"ಎಂತ ಅಕ್ಕ, ನನ್ನ ರಕ್ತದ್ದು ಸಾರು ಮಾಡ್ತೀಯನೇ? ಇನ್ನೂ ಎಷ್ಟು ಕುದಿಸ್ತೆ?"

ಅಯ್ಯೋ ನನ್ನ ಬುದ್ಧಿಗಿಷ್ಟು! ಆ ಕುದಿತ, ಅದರ ಜೊತೆ ಬೆರೆಸುವ ದ್ರಾವಣ ಎರಡೂ ಸೇರಿ ನಾವು ಹುಡುಕುತ್ತಿದ್ದ ಕೊಬ್ಬನ್ನೇ ಕಳಚಿ ಹಾಕುತ್ತಿದ್ದವು. ಅಪ್ಪಣೆ ಪಡೆದು, ಮುಚ್ಚಿದ ಪೆಟ್ಟಿಗೆಯೊಳಗೆ, ಆ ದ್ರಾವಣ ಹಾಕದೆ, ಕುದಿಸದೆ ನೋಡಿದೆ. ನನ್ನ ರಕ್ತದಲ್ಲಿ ಕಾಡಿಗೆ ತೀಡಿದಂಥ ಕಪ್ಪು ಗೆರೆ. ಮೇದಿನಿಯದರಲ್ಲಿ ಬರೀ ಬಿಳುಪು. ತಂಗಿಯ ಕಾಯಿಲೆ ಖಚಿತವಾಯಿತೆಂದು ಕುಣಿದಾಡಿದ ಅಕ್ಕ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಮರುದಿನವೇ ಮದ್ದು ಶುರುವಾಯಿತು.

ಯಮುನಾ ಅವರೇ, ಚೀಟಿಯಲ್ಲಿದ್ದ ತಾರೀಖಿಗೇ ಕಳಿಸುತ್ತಿರುವ ಈ ಓಲೆ ತಲುಪುವ ಹೊತ್ತಿಗೆ ನೀವು ಆ ಚೀಟಿ ಅಂಟಿಸಿ, ಸೀಸೆಯನ್ನು ಎಸೆಯಲೋ ಇಡಲೋ ಎಂದು ಯೋಚಿಸುತ್ತಿರುತ್ತೀರಿ. ದಮ್ಮಯ್ಯ, ಎಸೆಯಬೇಡಿ. ನಿಮ್ಮ ಪ್ರತಿಕಾಯದಲ್ಲಿ ಯಾವ ದೋಷವೂ ಇಲ್ಲ, ನೀವೂ ನಮ್ಮಂತೆ ಕುದಿಸುತ್ತಿರಬೇಕು, ಅಷ್ಟೇ. ಒಮ್ಮೆ ಆ ದ್ರಾವಣ ಹಾಕದೆ, ಕುದಿಸದೇ ನೋಡಿ, ಆಮೇಲೆ ಭದ್ರವಾಗಿ ಎತ್ತಿಡಿ. ನಿಮ್ಮ ಕಾಲದಲ್ಲೂ ಯಾರದೋ ತಂಗಿಗೆ ಅದು ಬೇಕಾಗಿರಬಹುದು.

ಅಕ್ಷರ ಅಲ್ಲಲ್ಲಿ ಸೊಟ್ಟಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಇದಿಷ್ಟನ್ನೂ ನಾನು ಬಾಯಲ್ಲಿ ಹೇಳಿದ್ದಷ್ಟೇ. ಮೊದಲಿಂದ ಕೊನೆಯವರೆಗೆ ಬರೆದದ್ದು ಮೇದಿನಿ, ತನ್ನದೇ ಕೈಯಿಂದ.