ಅತ್ತೆಯವರ ಮೌನ

ಪೂಜ್ಯ ಪಾದ್ರಿ ಅಯ್ಯನವರಿಗೆ,

“ತೀರಿಹೋದ ನಿಮ್ಮತ್ತೆಯನ್ನೇ ಅನುಸರಿಸಮ್ಮ, ಗುಣ ಆಗ್ತೀಯ. ಅಷ್ಟು ನೋವಲ್ಲೂ ಆಕೆ ತುಟಿ ಪಿಟಕ್ಕೆನ್ನಲಿಲ್ಲ” ಎಂದು ಸಭೆಯೆದುರೇ ಹೇಳಿದಿರಿ. ಅವರ ಆರೈಕೆ ಮಾಡಿದ ನಾನೇ ಆ ಮಾತಿಗೆ ಮರುಳಾಗಿ, ನನ್ನ ಬೆನ್ನುನೋವನ್ನು ಹಲ್ಲುಕಚ್ಚಿ ಸಹಿಸಿದೆ. ನೋವು ಹೋಗಲಿಲ್ಲ, ಹಾಸಿಗೆ ಹಿಡಿದೆ, ಪ್ರಾರ್ಥನೆಯೇ ನಿಂತುಹೋಯಿತು.

ನೀವು ನೋಡಲು ಬಂದಾಗ ಅವರು ಸುಮ್ಮನಿದ್ದದ್ದು ಸಹನೆಯಿಂದಲ್ಲ ಅಯ್ಯನವರೇ, ಗಂಟಲು ಕಟ್ಟಿ! ಬೆಳಗಿನಿಂದ “ಯೇಸಪ್ಪಾ, ಕಿವಿ ಕೇಳಲ್ವಾ ನಿಂಗೆ? ಇನ್ನೆಷ್ಟು ಕೂಗ್ಲಿ?” ಎಂದು ಜಗಳವಾಡಿರುತ್ತಿದ್ದರು. ಆಮೇಲೆ ನಿಶ್ಚಿಂತೆಯಿಂದ ನಿದ್ದೆ ಹೋಗುತ್ತಿದ್ದರು.

ನಿನ್ನೆ ನಾನೂ ಹಾಗೇ ಕೂಗಾಡಿದೆ. ಮನಸ್ಸು ಹಗುರವಾಯಿತು, ಇವತ್ತು ಗೋಡೆ ಹಿಡಿದು ಬಾಗಿಲವರೆಗೆ ನಡೆದೆ.

ಭಾನುವಾರ ಆ ಮಾತನ್ನು ಸಭೆಯೆದುರೇ ತಿದ್ದಿ. ಬಾಯಲ್ಲೇ ಹೇಳಿ ಕಳಿಸೋಣವೆಂದರೆ ನನಗೂ ಗಂಟಲು ಕಟ್ಟಿದೆ.

ಇಂತಿ,
ಅತ್ತೆಗೆ ತಕ್ಕ ಸೊಸೆ