ಒಳಗೆ ಉಳಿದ ಹೊಲಿಗೆ

ಗುಡಗೇರಿ
೧೨ ನವೆಂಬರ್ ೧೯೮೬

ಅಕ್ಕ ಮೈಲಾರವ್ವನಿಗೆ,

ತಂಗಿ ಮಲ್ಲಕ್ಕನ ನಮಸ್ಕಾರ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ತಪ್ಪು ತಿಳಿಯಬೇಡ. ಕುಳಿತು ಬರೆಯಲು ಆಗುತ್ತಿರಲಿಲ್ಲ. ಈಗ ಆಗುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇ ಬರೆಯುತ್ತಿದ್ದೇನೆ. ಅಳ್ನಾವರದಲ್ಲಿ ಎಲ್ಲರೂ ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ. ಇಲ್ಲಿ ಶೇಂಗಾ ಮನೆಗೆ ಬಂತು. ಮಗ ಹೊಳೆಯಪ್ಪನಿಗೆ ಐದು ತುಂಬಿತು.

ನನ್ನ ನೋವಿಗೂ ಅಷ್ಟೇ ವಯಸ್ಸು. ನೀವೆಲ್ಲ ಅದನ್ನು ‘ಕೆಳಗಿನ ತ್ರಾಸು’ ಎಂದು ಪಿಸುಗುಟ್ಟಿದಿರಿ. ನಾನು ನೇರವಾಗಿ ಬರೆಯುತ್ತೇನೆ, ನಿನ್ನ ಯಜಮಾನರು, ನಮ್ಮ ಮಾಮಾ, ಓದಿದರೂ ಓದಲಿ. ಯೋನಿಯ ಹೊರಬಾಯಿಯಲ್ಲಿ, ಹೆರಿಗೆಯಲ್ಲಿ ಹರಿದಾಗ ಹೊಲಿಗೆ ಹಾಕಿದ ಜಾಗದಲ್ಲಿ, ಖಾರ ಸವರಿದಂಥ ಉರಿ. ಉಚ್ಚೆ ಹೊಯ್ಯುವಾಗ ಹಲ್ಲು ಕಚ್ಚಬೇಕು. ಹೊಲದಲ್ಲಿ ಕೂತು ಕಸ ತೆಗೆಯುವಂತಿಲ್ಲ, ಚಕ್ಕಡಿ ಹತ್ತುವಂತಿಲ್ಲ. ಗಂಡ ಹತ್ತಿರ ಬಂದರೆ ಜೀವ ಹೋದಂತಾಗುತ್ತಿತ್ತು.

ಅತ್ತೆ ದಿನಾ ಬೇವಿನ ಕಷಾಯ ಕುದಿಸಿ ತೊಳೆಸಿದರು. ಅದರ ಮೇಲೆ ಪಟಿಕದ ನೀರು, ಅದರ ಮೇಲೆ ಬಟ್ಟೆ ಒಗೆಯುವ ಸಾಬೂನು. ಉರಿ ಹೆಚ್ಚಾಯಿತೆಂದರೆ, “ಉರದರ ಹೊಲಸ ಹೋಗತೈತಿ” ಎನ್ನುತ್ತಿದ್ದರು. ಗಂಡ ನನ್ನನ್ನು ಒಬ್ಬ ಡಾಕ್ಟರನ ಹತ್ತಿರ ಕರೆದೊಯ್ದರು. ಆತ ಮೇಜಿನ ಆಚೆಯಿಂದ ಏಳಲೇ ಇಲ್ಲ. ನನ್ನನ್ನು ಬಿಟ್ಟು ಗಂಡನ ಕಡೆ ತಿರುಗಿ, “ಏನೂ ಇಲ್ಲರಿ, ಮನಸಿನ ಕಾಯಿಲೆ. ಒಲ್ಲೆ ಅನ್ನಾಕ ನೆಪಾ” ಎಂದು ಟಾನಿಕ್ ಬರೆದುಕೊಟ್ಟ. ನೋಡದೆಯೇ ಏನೂ ಇಲ್ಲ ಎಂದ, ಅಕ್ಕ. ಅಂದಿನಿಂದ ನಾನು ಮನೆಯಲ್ಲಿ ಸುಳ್ಳುಬುರುಕಿಯಾದೆ.

ಕೊನೆಗೆ ಕೇಳಿದವಳು ಬಾಜು ಮನೆಯ ಖಾಸಿಂಬಿ. ಮುಂಗಾರಿಗೆ ಮೊದಲು ಬಿತ್ತನೆಯ ಶೇಂಗಾ ಒಡೆಯಲು ಎಲ್ಲರೂ ಕೂತಿದ್ದರೆ ನಾನೊಬ್ಬಳೇ ನಿಂತಿದ್ದೆ. “ಯಾಕ ಬೇ ಮಲ್ಲವ್ವಾ, ಕುಂದ್ರಂಗಿಲ್ಲೇನ?” ಎಂದಳು. ಎಲ್ಲ ಹೇಳಿದೆ. ಅವಳ ಮಗಳನ್ನು ಹುಬ್ಬಳ್ಳಿಯಲ್ಲಿ ಒಬ್ಬ ಲೇಡಿ ಡಾಕ್ಟರು ನೋಡಿದ್ದರಂತೆ. “ನಾಳೆ ಮುಂಜಾನೆ ಗಾಡಿಗೆ ಹೋಗೂಣು. ಮನ್ಯಾಗ ಕೇಳಬ್ಯಾಡ, ಹೇಳು” ಎಂದಳು. ಹಾಗೆಯೇ ಹೇಳಿ ಹೊರಟೆ.

ಆ ಡಾಕ್ಟರು ಮೊದಲು ಉಚ್ಚೆಯಲ್ಲಿ ಸಕ್ಕರೆ ಇದೆಯೇ ಎಂದು ನೋಡಿಸಿದರು. ಇರಲಿಲ್ಲ. ಆಮೇಲೆ ಮಲಗಿಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಒಂದೊಂದೇ ಜಾಗ ಮೆಲ್ಲಗೆ ಮುಟ್ಟಿ, “ಇಲ್ಲಿ? ಇಲ್ಲಿ?” ಎಂದು ಕೇಳುತ್ತ ಹೋದರು. ಒಂದು ಕಡೆ ಮುಟ್ಟಿದ್ದೇ ನಾನು ಖಾಸಿಂಬಿಯ ಕೈಗೆ ಉಗುರು ಊರಿದೆ.

“ಇದು ಮನಸಿಂದಲ್ಲ ತಂಗಿ,” ಎಂದರು. “ಹೊಲಿಗಿ ದಾರ ಒಳಗ ಉಳದದ, ಸುತ್ತ ಗಂಟು ಕಟ್ಟೇದ. ನೀವು ಹಾಕಿದ ಕಷಾಯ, ಸಾಬೂನು ಮ್ಯಾಲಿನ ಚರ್ಮ ಸುಟ್ಟಾವ. ಅಂಜಿ ಅಂಜಿ ಒಳಗಿನ ನರಾ ಬಿಗದಾವ. ಒಂದೊಂದಾಗಿ ಎಲ್ಲಾ ಬಿಡಿಸೂಣು.”

ಆಗ ನಾನು ಅತ್ತುಬಿಟ್ಟೆ. ಸಂತೋಷಕ್ಕಲ್ಲ, ಸಿಟ್ಟಿಗೆ.

ಆ ಜಾಗಕ್ಕೆ ಮಾತ್ರ ಇಂಜೆಕ್ಷನ್ ಕೊಟ್ಟು ಗಂಟು ತೆಗೆದರು. ನನ್ನ ಬದುಕು ನಿಲ್ಲಿಸಿದ್ದು ಕರಿಯ ದಾರದ ಒಂದು ತುಣುಕು. ಬರಿಯ ನೀರಲ್ಲಿ ತೊಳೆದು ಕೊಬ್ಬರಿ ಎಣ್ಣೆ ಹಚ್ಚು, ಬೇರೇನೂ ಬೇಡ ಎಂದರು. ಗಾಯ ಮಾಯ್ದ ಮೇಲೆ ಉಸಿರು ಬಿಡುತ್ತ ಆ ಬಿಗಿಯನ್ನು ನಾನೇ ಸಡಿಲಿಸಿಕೊಳ್ಳುವುದನ್ನು ಕಲಿಸಿದರು. ನಾನಾಗಿ ಕರೆಯುವವರೆಗೆ ಗಂಡ ಬರಕೂಡದು ಎಂದೂ ಹೇಳಿ ಕಳಿಸಿದರು.

ಮನೆಗೆ ಬಂದು ಎಲ್ಲವನ್ನೂ ಅತ್ತೆಯ ಎದುರೇ ಹೇಳಿದೆ. ಅವರು ಗೋಡೆಯ ಕಡೆ ತಿರುಗಿ ಕೂತರು. ಗಂಡ ತಲೆ ತಗ್ಗಿಸಿ, “ನನಗ ಸರಿಯಾಗಿ ಹೇಳಬಾರದಿತ್ತೇನ?” ಎಂದರು.

“ಹೇಳೀನ್ರಿ. ದಿನಾ ಹೇಳೀನಿ. ನೀವು ಆ ಡಾಕ್ಟರಂದು ಕೇಳಿದ್ರಿ.”

ಗಂಡ ಅಂದು ಊಟ ಬಿಟ್ಟರು. ಬಿಡಲಿ ಎಂದು ನಾನು ಹೊಟ್ಟೆ ತುಂಬ ಉಂಡೆ. ಈಗ ಒಳ್ಳೆಯವರಾಗಿದ್ದಾರೆ, ಕಷಾಯದ ಗಡಿಗೆಯನ್ನು ಅವರೇ ಹೊರಗೆ ಎಸೆದರು. ಆದರೂ ನಾನಿನ್ನೂ ಕರೆದಿಲ್ಲ. ನೋವು ಹೋಗಿದೆ, ಸಿಟ್ಟು ಹೋಗಿಲ್ಲ. ಅದಕ್ಕೆ ಯಾವ ಡಾಕ್ಟರನ್ನು ಹುಡುಕಲಿ?

ನಿನ್ನ ಮಕ್ಕಳನ್ನು ಬೀರದೇವರು ಚೆನ್ನಾಗಿಟ್ಟಿರಲಿ. ಮಾಮಾಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಮಲ್ಲಕ್ಕ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಯುಗಾದಿಗೆ ನೀನು ಬಂದಾಗ ಹಿತ್ತಲಲ್ಲಿ ಅತ್ತೆಗೆ ಹೇಳಿದ್ದು ನನಗೆ ಕೇಳಿಸಿತು. “ಇಕಿ ಕಡಿಂದ ಇನ್ನ ಸಂಸಾರ ಆಗಂಗಿಲ್ಲ. ನಮ್ಮ ಕೆಂಚವ್ವನ್ನ ಬೀರಲಿಂಗಪ್ಪಗ ಮಾಡಿಕೊಡ್ತೀವಿ” ಎಂದೆಯಲ್ಲ. ಅವ್ವ ಸತ್ತ ಮೇಲೆ ನಿನ್ನನ್ನೇ ಅವ್ವ ಎಂದುಕೊಂಡು ನಿನ್ನ ಮನೆಯಲ್ಲಿ ಬೆಳೆಯುತ್ತಿರುವ ನಮ್ಮ ತಂಗಿ, ಇನ್ನೂ ಎಂಟನೆಯ ಇಯತ್ತೆ ಓದುವ ಹುಡುಗಿ. ಅವಳನ್ನು ನನ್ನ ಗಂಡನಿಗೆ. ಅತ್ತೆ, “ಬ್ಯಾಡವಾ, ಸಣ್ಣದೈತಿ ಅದು” ಎಂದು ಎದ್ದು ಹೋದರು. ನೀನು ಅವರ ಬೆನ್ನು ಹತ್ತಿ ಹೋಗಿ ಮತ್ತೆ ಕೇಳಿದೆ. ಸಂಕ್ರಮಣಕ್ಕೆ ಬಾ. ಕೆಂಚವ್ವನನ್ನೂ ಕರೆದುಕೊಂಡು ಬಾ. ಆ ಮಾತನ್ನು ನಮ್ಮಿಬ್ಬರ ಮುಖ ನೋಡಿ ಇನ್ನೊಮ್ಮೆ ಹೇಳು.